ಐ ಲವ್ ಲೂಸಿ ಎರಡನೇ ಸೀಸನ್: ಮಗು ಹುಟ್ಟಿದ ಮುಂದಿನ ಕಂತಲ್ಲಿ ಮಗುನೇ ಇಲ್ಲ! ಡಿಸ್ಕ್ ಕ್ರಮ ತಪ್ಪಿದೆಯಾ?

ಹಳೇಪೆಟ್ಟಿಗೆ:
ಅಮೆರಿಕದ ಹಳೇ ಟಿವಿ ನಗೆನಾಟಕ 'ಐ ಲವ್ ಲೂಸಿ' ಎರಡನೇ ಸೀಸನ್ (1952-53) ಪೂರ್ತಿ ನೋಡಿದವರು ಯಾರಾದ್ರೂ ಇದ್ರೆ ಹೇಳಿ. 16ನೇ ಕಂತಲ್ಲಿ ಲೂಸಿಗೆ ಹೆರಿಗೆ, ಗಂಡುಮಗು. ಸರಿ. 17ನೇದು 'ಸೇಲ್ಸ್ ರೆಸಿಸ್ಟೆನ್ಸ್' ಹಾಕಿದ್ರೆ ಲೂಸಿ ಮೊದಲಿನ ಹಾಗೇ ತೆಳ್ಳಗೆ, ಮನೇಲಿ ತೊಟ್ಟಿಲಿಲ್ಲ, ಮಗುವಿನ ಸುದ್ದಿನೂ ಇಲ್ಲ. ಹೀಗೇ ಐದು ಕಂತು. ಆಮೇಲೆ 22ನೇ ಕಂತಲ್ಲಿ ಮಗು ಇಡೀ ಕಟ್ಟಡ ಕೇಳೋ ಹಾಗೆ ಅಳ್ತಿದೆ. ಇದು ಈಗಿನವರ ಎಡವಟ್ಟಾ, ಆಗಲೇ ಹೀಗೆ ಬಂದಿತ್ತಾ? ಇನ್ನೊಂದು, ಮೊದಲ ಸೀಸನ್ ಬಿಟ್ಟು ಇಲ್ಲಿಂದಲೇ ಶುರು ಮಾಡಿದ್ರೆ ಏನಾದ್ರೂ ಅರ್ಥವಾಗದೆ ಹೋಗುತ್ತಾ?

ರೀಲ್‌ರಂಗ:
ಕ್ರಮ ಸರಿಯಾಗೇ ಇದೆ. ನಿಮ್ಮ ಪ್ರತಿಯಲ್ಲಿ ಆ ಐದು ಕಂತುಗಳ ತಲೆ ಹಾರಿಸಿದ್ದಾರೆ.

ಲೂಸಿ ಪಾತ್ರದ ನಟಿ ಲೂಸಿಲ್ ಬಾಲ್ ನಿಜಕ್ಕೂ ಬಸುರಿ ಅಂತ ಗೊತ್ತಾದ ಮೇಲೆ ಚಿತ್ರೀಕರಣವನ್ನೆಲ್ಲ ಮುಂಚಿತವಾಗೇ ಶುರು ಮಾಡಿದ್ರು. ಮೊದಲ ಸೀಸನ್ ಪ್ರಸಾರ ಮುಗಿಯೋ ಮುಂಚೆನೇ ಎರಡನೇದರ ಕೆಲವು ಕಂತು ತೆಗೆದಾಗಿತ್ತು. ಸೆಪ್ಟೆಂಬರ್ 15, 1952ಕ್ಕೆ ಬಂದ 'ಜಾಬ್ ಸ್ವಿಚಿಂಗ್' ತೆಗೆದದ್ದು ಮೇ ಕೊನೆಗೆ. ಆಸ್ಪತ್ರೆ ಕಂತನ್ನು ನವೆಂಬರ್ 14ಕ್ಕೆ ತೆಗೆದು, ಜನವರಿ 19, 1953ಕ್ಕೆ ಹಾಕಿದ್ರು. ಆಮೇಲೆ ಆಕೆಗೆ ಬಾಣಂತನದ ರಜೆ. ಪ್ರಸಾರ ನಿಲ್ಲಿಸೋ ಹಾಗಿಲ್ಲ. ಅದಕ್ಕೆ ತೆಗೆದಿಟ್ಟಿದ್ದ ಐದು ಕಂತುಗಳನ್ನು ಜನವರಿ 26ರಿಂದ ಮಾರ್ಚ್ 30ರವರೆಗೆ ಬಿಟ್ಟು ಬಿಟ್ಟು ಹಾಕಿದ್ರು: ಸೇಲ್ಸ್ ರೆಸಿಸ್ಟೆನ್ಸ್, ಇನ್‌ಫೀರಿಯಾರಿಟಿ ಕಾಂಪ್ಲೆಕ್ಸ್, ಕ್ಲಬ್ ಎಲೆಕ್ಷನ್, ಬ್ಲ್ಯಾಕ್ ಐ, ಲೂಸಿ ಚೇಂಜಸ್ ಹರ್ ಮೈಂಡ್. ಒಂದೊಂದರ ಮುಂದೂ ಒಂದು ಚಿಕ್ಕ ದೃಶ್ಯ ಅಂಟಿಸಿದ್ರು. ಲೂಸಿಯ ಗಂಡ ರಿಕಿ, ಮನೆ ಮಾಲೀಕರಾದ ಫ್ರೆಡ್, ಎಥೆಲ್ ಮೂವರೇ ಕೂತು 'ಆವತ್ತು ಲೂಸಿ ಏನು ಮಾಡಿದ್ಲು ನೆನಪಿದೆಯಾ' ಅಂತಾರೆ, ಅಲ್ಲಿಂದ ಕತೆ ಹಿಂದಕ್ಕೆ ಹೋಗುತ್ತೆ. ಮರುಪ್ರಸಾರಕ್ಕೆ ಮಾರಿದ ಪ್ರತಿಗಳಲ್ಲಿ ಈ ತುಂಡನ್ನು ಕತ್ತರಿಸಿದ್ದಾರೆ. ಅದಿಲ್ಲದೆ ನೋಡಿದ್ರೆ ಮಗು ಮಾಯ ಆದ ಹಾಗೇ ಕಾಣೋದು.

ನಡುವೆ ಖಾಲಿ ಬಿದ್ದ ವಾರಗಳಿಗೆ ಹಳೇ ಕಂತು ಮತ್ತೆ ಹಾಕಿದ್ರು. ಆಗ ಅದು ಹೊಸ ಸಂಗತಿ, ಯಾಕಂದ್ರೆ ಬೇರೆ ಎಷ್ಟೋ ಕಾರ್ಯಕ್ರಮಗಳ ಹತ್ತಿರ ಮತ್ತೆ ಹಾಕೋಕೆ ಯೋಗ್ಯವಾದ ಪ್ರತಿನೇ ಇರ್ತಿರಲಿಲ್ಲ.

ಕಡ್ಲೆಪುರಿ:
ಎರಡನೇ ಪ್ರಶ್ನೆಗೆ: ಧಾರಾಳವಾಗಿ ಶುರು ಮಾಡಿ. ಗಂಡ ಕ್ಯೂಬಾದವನು, ಕ್ಲಬ್ಬಲ್ಲಿ ಬ್ಯಾಂಡ್ ನಡೆಸ್ತಾನೆ. ಹೆಂಡತಿಗೆ ತಾನೂ ರಂಗದ ಮೇಲೆ ಹೋಗಬೇಕು ಅಂತ ಹುಚ್ಚು. ಅದೇ ಕಟ್ಟಡದಲ್ಲಿ ಮನೆ ಮಾಲೀಕರು, ಜಿಪುಣ ಫ್ರೆಡ್ ಮತ್ತೆ ಎಥೆಲ್. ಇಷ್ಟು ಗೊತ್ತಿದ್ರೆ ಸಾಕು. ಎರಡನೇ ಸೀಸನ್ನಲ್ಲೇ ವೈಟಮೀಟವೆಜಮಿನ್ ಕಂತೂ ಇದೆ, ತಪ್ಪಿಸಬೇಡಿ.

ರೀಲ್‌ರಂಗ:
ಅದು ಮೊದಲ ಸೀಸನ್ನು. ಮೇ 5, 1952. ಟಾನಿಕ್ಕಲ್ಲಿ 23 ಪರ್ಸೆಂಟ್ ಆಲ್ಕೋಹಾಲ್, ರಿಹರ್ಸಲ್ ಮಾಡ್ತಾ ಮಾಡ್ತಾ ಲೂಸಿಗೆ ನಶೆ ಏರೋದು.

ಧಾರವಾಡ_ಫೇಡಾ:
ದ್ರಾಕ್ಷಿ ತುಳಿಯೋದು ಯಾವ ಸೀಸನ್ರೀ? ಎಲ್ಲಾರೂ ಅದನ್ನೂ ಇದಕ್ಕ ಸೇರಸ್ತಾರ.

ರೀಲ್‌ರಂಗ:
ಐದನೇದು, ಏಪ್ರಿಲ್ 1956. ಇಟಲಿ ಪ್ರವಾಸದ ಭಾಗ.

ಮಂಗ್ಳೂರ್_ಮಳೆ:
ಅದೆಲ್ಲ ಸರಿ ಮಾರಾಯ್ರೆ, ಇದನ್ನು ಲೈವ್ ಅಂತಾರಲ್ಲ ಎಲ್ಲರೂ? ಲೈವ್ ಆದ್ರೆ ನವೆಂಬರಲ್ಲಿ ತೆಗೆದು ಜನವರಿಯಲ್ಲಿ ಹಾಕೋದು ಹೇಗೆ? ಆ ನಗು ಕೂಡ ಡಬ್ಬದ ನಗು, ಅಂದ್ರೆ ಮೊದಲೇ ಮುದ್ರಿಸಿಟ್ಟು ಆಮೇಲೆ ಸೇರಿಸಿದ್ದು ಅಂತ ಓದಿದ್ದು ನಾನು.

ಎಡಿಟ್_ಟೇಬಲ್:
ಲೈವ್ ಅಲ್ಲ, ಡಬ್ಬದ ನಗುವೂ ಅಲ್ಲ. ಎದುರಿಗೆ 300 ಜನ ಪ್ರೇಕ್ಷಕರನ್ನು ಕೂರಿಸಿ, ಮೂರು 35 ಎಂಎಂ ಫಿಲ್ಮ್ ಕ್ಯಾಮೆರಾದಲ್ಲಿ ಒಟ್ಟಿಗೆ ತೆಗೆದದ್ದು.

ಕಾರಣ ಹೀಗೆ. ಆಗ ಅಮೆರಿಕದ ಟಿವಿ ಕಾರ್ಯಕ್ರಮ ಹೆಚ್ಚಾಗಿ ನ್ಯೂಯಾರ್ಕಿನಿಂದ ಲೈವ್ ಹೋಗ್ತಿತ್ತು. ಪಶ್ಚಿಮಕ್ಕೆ ಕಳಿಸೋದಕ್ಕೆ ಟಿವಿ ಪರದೆ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಅದನ್ನೇ ಚಿತ್ರ ತೆಗೀತಿದ್ರು. ಅದಕ್ಕೆ ಕಿನೆಸ್ಕೋಪ್ ಅಂತ ಹೆಸರು. ಮಸುಕು, ಗೆರೆ ಗೆರೆ. ಲೂಸಿಲ್ ಮತ್ತು ಆಕೆಯ ಗಂಡ, ರಿಕಿ ಪಾತ್ರದ ಡೆಸಿ ಅರ್ನಾಜ್ ಹಾಲಿವುಡ್ ಬಿಟ್ಟು ಬರಲ್ಲ ಅಂದ್ರು. ಜಾಹೀರಾತು ಕೊಡ್ತಿದ್ದ ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿಗೆ ಗಿರಾಕಿಗಳು ಹೆಚ್ಚು ಪೂರ್ವದಲ್ಲಿ, ಅಲ್ಲಿಗೆ ಮಸುಕು ಚಿತ್ರ ಹೋಗೋದು ಬೇಡ. ಹಾಗಾದ್ರೆ ಫಿಲ್ಮಲ್ಲೇ ತೆಗೆಯೋಣ ಅಂತಾಯ್ತು. ಖರ್ಚು ಏರಿತು. ದಂಪತಿ ವಾರಕ್ಕೆ 1000 ಡಾಲರ್ ಸಂಬಳ ಬಿಟ್ಕೊಟ್ಟು, ಅದರ ಬದಲಿಗೆ ಫಿಲ್ಮಿನ ಒಡೆತನ ಬರೆಸ್ಕೊಂಡ್ರು.

ವ್ಯಾಪಾರ ಅಂದ್ರೆ ಅದು. ಕೆಲವು ವರ್ಷದ ಮೇಲೆ, ಕಾರ್ಯಕ್ರಮ ಪ್ರಸಾರ ಮಾಡ್ತಿದ್ದ ಸಿಬಿಎಸ್ ವಾಹಿನಿ ಅದೇ ಫಿಲ್ಮುಗಳನ್ನು 40 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡ್ಕೊಳ್ತು. ಹಿಂದೆಯೇ ದಂಪತಿಯ ಡೆಸಿಲು ಕಂಪನಿ ಆರ್‌ಕೆಓ ಸ್ಟುಡಿಯೋವನ್ನೇ ಖರೀದಿಸ್ತು.

ಮಂಗ್ಳೂರ್_ಮಳೆ:
ಮೂರು ಕ್ಯಾಮೆರಾ ಒಟ್ಟಿಗೆ ಓಡಿದ್ರೆ ಒಂದರ ಚಿತ್ರದಲ್ಲಿ ಇನ್ನೊಂದು ಬೀಳೋದಿಲ್ವಾ?

ಎಡಿಟ್_ಟೇಬಲ್:
ಬೀಳದ ಹಾಗೆ ಜಾಗ ಗೊತ್ತು ಮಾಡಿರ್ತಾರೆ. ಮೂರೂ ಪ್ರೇಕ್ಷಕರ ಕಡೆಯಿಂದಲೇ ನೋಡ್ತವೆ, ಸೆಟ್ಟಿನ ಆಚೆ ಬದಿಗೆ ಯಾವುದೂ ಹೋಗಲ್ಲ. ಮಧ್ಯದ್ದಕ್ಕೆ 28ರಿಂದ 50 ಎಂಎಂ ಲೆನ್ಸ್, ಇಡೀ ಕೋಣೆ ಅದರ ಪಾಲು. ಎಡ ಬಲದವಕ್ಕೆ 3-4 ಇಂಚಿನ ಲೆನ್ಸ್, ಅಂದ್ರೆ ಸುಮಾರು 75ರಿಂದ 100 ಎಂಎಂ, ಹತ್ತಿರದ ಮುಖಗಳಿಗೆ. ಉದ್ದ ಲೆನ್ಸ್ ಇರೋದ್ರಿಂದ ಪಕ್ಕದ ಕ್ಯಾಮೆರಾ ಸೆಟ್ಟೊಳಗೆ ನುಗ್ಗಬೇಕಾಗಿಲ್ಲ, ಮಧ್ಯದ ಕ್ಯಾಮೆರಾದ ಚೌಕಟ್ಟಿನಿಂದ ಹೊರಗೇ ನಿಲ್ಲುತ್ತೆ. ಡಾಲಿ (ಕ್ಯಾಮೆರಾದ ಗಾಲಿ ಬಂಡಿ) ಎಲ್ಲೆಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಗುರುತು ಹಾಕಿರ್ತಾರೆ. ನಟ ಒಂದಡಿ ಅತ್ತಿತ್ತ ಆದ್ರೂ ಫೋಕಸ್ ಹೋಯ್ತು.

ಕಷ್ಟ ಇದ್ದದ್ದು ಬೆಳಕಿನಲ್ಲಿ. ಸಿನಿಮಾದಲ್ಲಿ ಒಂದೊಂದು ಶಾಟಿಗೂ ಲೈಟ್ ಬದಲಾಯಿಸ್ತಾರೆ. ಇಲ್ಲಿ ಅಗಲ ಶಾಟು, ಹತ್ತಿರದ ಶಾಟು ಎರಡೂ ಒಂದೇ ಗಳಿಗೇಲಿ ಬೇಕು. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್, ಹಿಂದೆ ಜರ್ಮನಿಯಲ್ಲಿ 'ಮೆಟ್ರೊಪೊಲಿಸ್' ತೆಗೆದವರು, ದೀಪಗಳನ್ನೆಲ್ಲ ಮೇಲಕ್ಕೆ ಕಟ್ಟಿ ಇಡೀ ಸೆಟ್ಟಿಗೆ ಸಮನಾಗಿ ಬೆಳಕು ಚೆಲ್ಲಿದ್ರು. ಮೇಲಿನ ಬೆಳಕಿಗೆ ಕಣ್ಣುಗುಳಿ ಕಪ್ಪಾಗುತ್ತೆ. ಅದಕ್ಕೆ ಒಂದೊಂದು ಕ್ಯಾಮೆರಾದ ಲೆನ್ಸ್ ಮೇಲೂ ಒಂದು ಸಣ್ಣ ದೀಪ. ಟಿವಿ ಪರದೆ ಕಪ್ಪು ಬಿಳುಪನ್ನು ಇನ್ನಷ್ಟು ಗಾಢ ಮಾಡಿ ತೋರಿಸೋದ್ರಿಂದ ಸೆಟ್ಟನ್ನು ಬೂದು ಬಣ್ಣದ ಬೇರೆ ಬೇರೆ ಛಾಯೆಗಳಲ್ಲೇ ಬಳಿದಿದ್ರು.

ಕಡ್ಲೆಪುರಿ:
ಅದಕ್ಕೇ ಆ ಮನೇಲಿ ನೆರಳೇ ಇಲ್ಲ. ನೋಡೋಕೆ ಚಪ್ಪಟೆ.

ಎಡಿಟ್_ಟೇಬಲ್:
ಚಪ್ಪಟೆ ಹೌದು. ನಗೆನಾಟಕಕ್ಕೆ ನೆರಳು ಯಾಕೆ ಬೇಕು ಸ್ವಾಮಿ?

ತಂಬೂರಿ:
ಫಿಲ್ಮ್ ಎಷ್ಟು ಹೊತ್ತು ಓಡುತ್ತೆ? ಅರ್ಧ ಗಂಟೆ ನಿಲ್ಲಿಸದೆ ತೆಗೀತಿದ್ರಾ?

ಎಡಿಟ್_ಟೇಬಲ್:
ಇಲ್ಲ. 35 ಎಂಎಂ ನಿಮಿಷಕ್ಕೆ 90 ಅಡಿ ಹೋಗುತ್ತೆ. 1000 ಅಡಿ ಮ್ಯಾಗಜೀನ್ (ಕ್ಯಾಮೆರಾದ ಫಿಲ್ಮ್ ಡಬ್ಬ) ಹಾಕಿದ್ರೆ 11 ನಿಮಿಷಕ್ಕೆ ಮುಗೀತು. ಹಾಗಾಗಿ ಯಾವ ದೃಶ್ಯವೂ ಅದಕ್ಕಿಂತ ಉದ್ದ ಇರೋ ಹಾಗಿಲ್ಲ, ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗೋ ನಡುವೆ ಮ್ಯಾಗಜೀನ್ ಬದಲಿ. ಲೆಕ್ಕ ಹಾಕಿ: 26 ನಿಮಿಷಕ್ಕೆ 2340 ಅಡಿ, ಮೂರು ಕ್ಯಾಮೆರಾಕ್ಕೆ 7020. ಅದರಲ್ಲಿ ಮೂರನೇ ಎರಡು ಭಾಗ ಕಸದ ಬುಟ್ಟಿಗೆ. ಸಂಕಲನಕಾರ ಡ್ಯಾನ್ ಕಾನ್ ಮೂರು ಚಿತ್ರ, ಒಂದು ಧ್ವನಿ ಒಟ್ಟಿಗೆ ಓಡಿಸೋ ಮೂವಿಯೋಲಾ (ಸಂಕಲನದ ಯಂತ್ರ) ಮಾಡಿಸ್ಕೊಂಡ್ರು. ಅದಕ್ಕೆ 'ಮೂರು ತಲೆ ರಾಕ್ಷಸ' ಅಂತ ಅಡ್ಡಹೆಸರು.

ಧಾರವಾಡ_ಫೇಡಾ:
ನಗುವಿನ ಮಾತು ಅಲ್ಲೇ ಬಿಟ್ರಿ. ಮಂದಿ ಜೋರು ನಕ್ರ ಮುಂದಿನ ಡೈಲಾಗ್ ಕೇಳಸೂದಿಲ್ಲಲ್ಲ? ನಮ್ಮ ಕಂಪನಿ ನಾಟಕದಾಗ ಒನ್ಸ್ ಮೋರ್ ಬಿದ್ರ ನಟ ನಿಂತಬಿಡ್ತಾನ. ಇಲ್ಲಿ ಫಿಲ್ಮ್ ಓಡಾಕತ್ತಿರ್ತೈತಿ.

ಎಡಿಟ್_ಟೇಬಲ್:
ಇಲ್ಲೂ ನಿಲ್ತಾರೆ, ಆದ್ರೆ ನಿಂತ ಹಾಗೆ ಕಾಣಬಾರದು. ವಿಲಿಯಂ ಫ್ರಾಲಿ (ಫ್ರೆಡ್) ಮುಖ ನೋಡಿ. ನಗು ಇಳಿಯೋವರೆಗೆ ಮುಖ ಗಂಟು ಹಾಕ್ಕೊಂಡು ಎಥೆಲ್ ಕಡೆ ತಿರುಗ್ತಾನೆ, ಇಳಿದ ಮೇಲೆ ಬಾಯಿ ಬಿಡ್ತಾನೆ. ನಾಲ್ಕು ದಿನ ರಿಹರ್ಸಲ್ ಮಾಡಿ ಶುಕ್ರವಾರ ರಾತ್ರಿ ತೆಗೀತಿದ್ದದ್ದು. ಎಲ್ಲಿ ನಗು ಬರುತ್ತೆ ಅಂತ ಅಷ್ಟೊತ್ತಿಗೆ ಅಂದಾಜು ಇರುತ್ತೆ. ಪ್ರೇಕ್ಷಕರ ತಲೆ ಮೇಲೇ ಮೈಕು. ಲೂಸಿಲ್ ತಾಯಿ ಡೀಡೀ ಅಲ್ಲೇ ಕೂತು 'ಅಯ್ಯೋ' ಅನ್ನೋ ಹಾಗೆ 'ಅಹ್ ಓ' ಅನ್ನೋದು ಎಷ್ಟೋ ಕಂತಲ್ಲಿ ಕೇಳುತ್ತೆ.

ತೇಜಸ್ವಿ_ಕಾಡು:
ಬಸುರಿ ವಿಷಯಕ್ಕೆ ಬರೋಣ. ಟಿವಿಯಲ್ಲಿ ಮೊಟ್ಟಮೊದಲ ಬಸುರಿ ಲೂಸಿ. ಇದಕ್ಕಿಂತ ದೊಡ್ಡ ಸಂಗತಿ ಈ ಸೀಸನ್ನಲ್ಲಿ ಇಲ್ಲ.

ರೀಲ್‌ರಂಗ:
ಮೊದಲನೆಯವಳಲ್ಲ. 'ಮೇರಿ ಕೇ ಅಂಡ್ ಜಾನಿ' ಅಂತ 1947ರಲ್ಲಿ ಶುರುವಾದ ಕಾರ್ಯಕ್ರಮದಲ್ಲಿ 1948ರಲ್ಲೇ ನಟಿಯ ಬಸಿರನ್ನು ಕತೆಗೆ ಸೇರಿಸಿದ್ರು. ಅವರು ಒಂದೇ ಮಂಚದಲ್ಲೂ ಮಲಗ್ತಿದ್ರು. ರಿಕಿ-ಲೂಸಿಗೆ ಎರಡು ಬೇರೆ ಬೇರೆ ಮಂಚ.

ತೇಜಸ್ವಿ_ಕಾಡು:
ಅದನ್ನು ಎಷ್ಟು ಜನ ನೋಡಿದ್ರು ಹೇಳಿ? ಯಾರೂ ನೋಡದ ಮೊದಲು ಮೊದಲೇ ಅಲ್ಲ.

ರೀಲ್‌ರಂಗ:
'ಮೊದಲು' ಅಂದಿದ್ದು ನೀವು. 'ಹೆಚ್ಚು ಜನ ನೋಡಿದ್ದು' ಅಂದಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ.

ಕಡ್ಲೆಪುರಿ:
'ಪ್ರೆಗ್ನೆಂಟ್' ಅನ್ನೋ ಪದ ಬಳಸೋಕೆ ಸಿಬಿಎಸ್ ಬಿಡಲಿಲ್ಲ ಅಂತಾರೆ. ಆದ್ರೆ ಡಿಸೆಂಬರ್ 15ರ ಕಂತಿನ ಹೆಸರೇ 'ಪ್ರೆಗ್ನೆಂಟ್ ವಿಮೆನ್ ಆರ್ ಅನ್‌ಪ್ರಿಡಿಕ್ಟಬಲ್'. ಇದ್ಯಾವ ನಿಷೇಧ?

ರೀಲ್‌ರಂಗ:
ಕಂತಿನ ಹೆಸರು ಪರದೆ ಮೇಲೆ ಬರ್ತಾನೇ ಇರಲಿಲ್ಲ, ಅದು ಕಚೇರಿ ಕಾಗದದಲ್ಲಿ ಮಾತ್ರ. ಮಾತಿನಲ್ಲಿ 'ಎಕ್ಸ್‌ಪೆಕ್ಟಿಂಗ್'. ಅದರ ಹಿಂದಿನ ವಾರದ್ದಕ್ಕೆ 'ಲೂಸಿ ಈಸ್ ಆನ್ಸೆಂಟ್' ಅಂತ ಫ್ರೆಂಚ್ ಪದ ಹಾಕಿದ್ರು. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ, ಒಬ್ಬ ಯೆಹೂದಿ ರಬ್ಬಿ, ಮೂವರಿಗೂ ಸ್ಕ್ರಿಪ್ಟ್ ತೋರಿಸಿ ಒಪ್ಪಿಗೆ ತಗೊಂಡಿದ್ರು.

ಆ ಫ್ರೆಂಚ್ ಹೆಸರಿನ ಕಂತನ್ನು ನಿಧಾನವಾಗಿ ನೋಡಿ. ಲೂಸಿ ದಿನವಿಡೀ ಗಂಡನಿಗೆ ಸುದ್ದಿ ಹೇಳೋಕೆ ಒದ್ದಾಡ್ತಾಳೆ, ಪ್ರತಿ ಸಲ ಯಾರೋ ಬರ್ತಾರೆ, ಇಲ್ಲ ಫೋನ್ ಬಡಿಯುತ್ತೆ. ಕೊನೆಗೆ ಕ್ಲಬ್ಬಿಗೆ ಹೋಗಿ ಚೀಟಿ ಕಳಿಸ್ತಾಳೆ, ಯಾರೋ ಒಬ್ಬಳು ಗಂಡನಿಗೆ ತಿಳಿಸಬೇಕಂತೆ, ಹಾಡು ಹಾಡಿ ಅಂತ. ರಿಕಿ ಮೇಜಿಂದ ಮೇಜಿಗೆ ಹೋಗಿ ದಂಪತಿಗಳನ್ನು ಕೇಳ್ತಾ ಬರ್ತಾನೆ, ಲೂಸಿ ಮೇಜಿನ ಹತ್ತಿರ ಬಂದಾಗ ಆಕೆ ತಲೆ ಆಡಿಸ್ತಾಳೆ. ಮುಂದಕ್ಕೆ ಹೋದವನು ತಿರುಗಿ ಬರ್ತಾನೆ. ಹಾಡುವಾಗ ಇಬ್ಬರಿಗೂ ನಿಜವಾಗಿ ಗಂಟಲು ಕಟ್ಟಿದೆ. ನಿರ್ದೇಶಕ ವಿಲಿಯಂ ಆಶರ್ ಇನ್ನೊಂದು ಟೇಕ್ ತೆಗೆಸಿದ್ರು, ಇಟ್ಕೊಂಡದ್ದು ಮೊದಲನೇದನ್ನೇ.

ಮಂಗ್ಳೂರ್_ಮಳೆ:
ಆಸ್ಪತ್ರೆ ಕಂತು ಬಂದ ದಿನವೇ ಲೂಸಿಲ್‌ಗೆ ನಿಜವಾದ ಹೆರಿಗೆಯೂ ಆದದ್ದು ಕಾಕತಾಳೀಯವೋ?

ತಂಬೂರಿ:
ಮುಂಚೆಯೇ ಗೊತ್ತು ಮಾಡಿದ ಸಿಸೇರಿಯನ್, ಸೋಮವಾರ. ಕಾರ್ಯಕ್ರಮ ಬರೋದೂ ಸೋಮವಾರ. ಗಂಡುಮಗು ಆದದ್ದು ಮಾತ್ರ ಕಾಕತಾಳೀಯ. ಕತೆಯಲ್ಲಿ ಗಂಡು ಅಂತ ನವೆಂಬರಲ್ಲೇ ತೆಗೆದಾಗಿತ್ತಲ್ಲ. ಏಪ್ರಿಲ್ 3, 1953ಕ್ಕೆ ಟಿವಿ ಗೈಡ್ ಪತ್ರಿಕೆ ದೇಶವ್ಯಾಪಿಯಾಗಿ ಶುರುವಾದಾಗ ಮೊದಲ ಮುಖಪುಟದಲ್ಲಿ ಆ ಕೂಸಿನ ಫೋಟೋನೇ ಇತ್ತು.

ತೇಜಸ್ವಿ_ಕಾಡು:
4.4 ಕೋಟಿ ಜನ ನೋಡಿದ್ರು ಆ ಆಸ್ಪತ್ರೆ ಕಂತನ್ನ. ಮಾರನೇ ದಿನ ಐಸೆನ್‌ಹೋವರ್ ಪ್ರಮಾಣವಚನಕ್ಕೆ 2.9 ಕೋಟಿ. ಅಧ್ಯಕ್ಷನಿಗಿಂತ ಬಾಣಂತಿ ದೊಡ್ಡವಳು.

ರೀಲ್‌ರಂಗ:
ಪ್ರಮಾಣವಚನ ಹಗಲು ಹೊತ್ತು, ಕೆಲಸದ ದಿನ. ಲೂಸಿ ರಾತ್ರಿ 9 ಗಂಟೆಗೆ. ಅದನ್ನೂ ಇದನ್ನೂ ತಕ್ಕಡಿಗೆ ಹಾಕೋದು ಪತ್ರಿಕೆಯವರ ಚಟ. ಹೇಳಬೇಕಾದ ಅಂಕಿ ಬೇರೆ: ಆ ರಾತ್ರಿ ರೇಟಿಂಗ್ 71.7, ಅಂದ್ರೆ ಟಿವಿ ಇದ್ದ ನೂರು ಮನೆಯಲ್ಲಿ ಸುಮಾರು 72. ಇಡೀ ಸೀಸನ್ ಸರಾಸರಿ 67.3. ಅದನ್ನು ಆಮೇಲೆ ಯಾವ ಕಾರ್ಯಕ್ರಮದ ಸೀಸನ್ನೂ ಮುಟ್ಟಿಲ್ಲ.

ಆಸ್ಪತ್ರೆ ಕಂತಿನ ಕತೆ ಕಟ್ಟಿದ ರೀತಿಯನ್ನೂ ಗಮನಿಸಿ. ಲೂಸಿ ಅದರಲ್ಲಿ ಕಾಣೋದೇ ಕಡಿಮೆ ಹೊತ್ತು, ತುಂಬುಬಸುರಿ ನಟಿಗೆ ಶ್ರಮ ಕೊಡದ ಹಾಗೆ ಬರೆದಿದ್ದಾರೆ. ಉಳಿದ ಮೂವರು ರಿಹರ್ಸಲ್ ಮಾಡ್ತಾರೆ: ಒಬ್ಬರು ಡಾಕ್ಟರಿಗೆ ಫೋನ್, ಒಬ್ಬರು ಸೂಟ್‌ಕೇಸ್, ಒಬ್ಬರು ಕೋಟು. ಎಲ್ಲ ಗಡಿಯಾರದ ಮುಳ್ಳಿನ ಹಾಗೆ ಸರಿಯಾಗಿ ಆಗುತ್ತೆ. ಲೂಸಿ ಬಂದು 'ಹೊತ್ತಾಯ್ತು' ಅಂದ ತಕ್ಷಣ ಒಬ್ಬರಿಗೊಬ್ಬರು ಡಿಕ್ಕಿ, ಸೂಟ್‌ಕೇಸ್ ಚೆಲ್ಲಾಪಿಲ್ಲಿ, ಕೊನೆಗೆ ಅವಳನ್ನೇ ಬಿಟ್ಟು ಬಾಗಿಲಾಚೆ ಓಡ್ತಾರೆ. ಮೊದಲ ರಿಹರ್ಸಲ್ ಅಷ್ಟು ಅಚ್ಚುಕಟ್ಟಾಗಿ ತೋರಿಸದಿದ್ರೆ ಎರಡನೇದಕ್ಕೆ ಅರ್ಧ ನಗುವೂ ಬರ್ತಿರಲಿಲ್ಲ.

ಹಳೇಪೆಟ್ಟಿಗೆ:
ಧನ್ಯವಾದ, ತಲೆ ಕತ್ತರಿಸಿದ ವಿಷಯ ಗೊತ್ತಾಯ್ತು. ಆ ಹೃದಯದ ಚಿತ್ರದ ಟೈಟಲ್ಲಾದ್ರೂ ಮೂಲದ್ದೇ ತಾನೆ?

ತಂಬೂರಿ:
ಅದೂ ಅಲ್ಲ! ಸ್ಯಾಟಿನ್ ಬಟ್ಟೆ ಮೇಲಿನ ಹೃದಯ ಮರುಪ್ರಸಾರಕ್ಕೆ ಮಾಡಿದ್ದು. 1952ರಲ್ಲಿ ಬರ್ತಿದ್ದದ್ದು ಕಡ್ಡಿ ಗೊಂಬೆ ಲೂಸಿ, ರಿಕಿ, ಜೊತೆಗೆ ದೈತ್ಯ ಸಿಗರೇಟ್ ಪ್ಯಾಕು. ಸಿಗರೇಟ್ ಕಂಪನಿ ಹೋದ ಮೇಲೆ ಅದನ್ನು ತೋರಿಸೋ ಹಾಗಿರಲಿಲ್ಲ.

ಕಡ್ಲೆಪುರಿ:
ಹಾಗೇ ಇನ್ನೊಂದು: 'ಲೂಸಿ, ಯು ಗಾಟ್ ಸಮ್ ಸ್ಪ್ಲೇನಿಂಗ್ ಟು ಡೂ' ಅಂತ ರಿಕಿ ಯಾವ ಕಂತಲ್ಲೂ ಆ ರೂಪದಲ್ಲಿ ಹೇಳಿಲ್ಲ. ಮನೆ ವಿಳಾಸ 623 ಪೂರ್ವ 68ನೇ ಬೀದಿ. ನ್ಯೂಯಾರ್ಕ್ ನಕ್ಷೇಲಿ ಹುಡುಕಿದ್ರೆ ಈಸ್ಟ್ ನದಿ ಒಳಗೆ ಸಿಗುತ್ತೆ 😄

ತಂಬೂರಿ:
ಮನೆಯೂ ಇದೇ ಸೀಸನ್ನಲ್ಲಿ ಬದಲು. ಮೇ 18, 1953ರ ಕಂತಲ್ಲಿ 4ಎ ಬಿಟ್ಟು ದೊಡ್ಡದಾದ 3ಬಿಗೆ ಬರ್ತಾರೆ. ಹಜಾರದ ಹಿಂದೆ ಕಿಟಕಿ ಕಂಡ್ರೆ ಹೊಸ ಮನೆ. ಕ್ರಮ ಗೊಂದಲವಾದ್ರೆ ಇದೇ ಗುರುತು ಹಿಡಿದು ನೋಡಿ.

ಧಾರವಾಡ_ಫೇಡಾ:
'ಜಾಬ್ ಸ್ವಿಚಿಂಗ್'ದಾಗ ಹೆಂಗಸರು ದುಡಿಯಾಕ ಹೋಗೂ ಫ್ಯಾಕ್ಟರಿಯ ಚಾಕೊಲೇಟ್ ಬೆಲ್ಟ್ ಬಗ್ಗೆ ಎಲ್ಲಾರೂ ಬರೀತಾರ, ಅನ್ನದ ಬಗ್ಗೆ ಯಾರೂ ಬರ್ಯೂದಿಲ್ಲ. ಆ ಕಡೆ ಗಂಡಸರು ಅಡಿಗಿ ಮಾಡಾಕ ಹೊಂಟಾರ. ತಲಿಗೆ ಒಂದು ಪೌಂಡ್ ಅಕ್ಕಿ ಅಂತ ನಾಲ್ಕು ಮಂದಿಗೆ ನಾಲ್ಕು ಪೌಂಡ್! ಅಂದ್ರ 1.8 ಕಿಲೋ. ನಮ್ಮ ಲೆಕ್ಕದಾಗ ತಲಿಗೆ 100 ಗ್ರಾಂ ಹಿಡದ್ರೂ 18 ಮಂದಿ ಉಣ್ಣೂ ಅನ್ನ. ಬೆಂದ ಮ್ಯಾಲೆ ಮೂರು ಪಟ್ಟು, ಐದೂವರಿ ಕಿಲೋ ಹತ್ರ. ಆ ಪಾತ್ರಿ ಉಕ್ಕಿ ಒಲಿ ಮ್ಯಾಲೆ ಹರೀದ ಇರ್ತೈತೇನು?

ಮಂಗ್ಳೂರ್_ಮಳೆ:
ಕ್ಯೂಬಾದವರೂ ನಮ್ಮ ಹಾಗೆ ಅನ್ನ ತಿನ್ನೋರು, ರಿಕಿಗೆ ಅಳತೆ ಗೊತ್ತಿಲ್ಲ ಅಂದ್ರೆ ನಂಬೋದು ಕಷ್ಟ ಮಾರಾಯ್ರೆ. ಮನೇಲಿ ಒಂದು ದಿನವೂ ಒಲೆ ಹತ್ತಿರ ಹೋಗಿಲ್ಲ ಅಂತ ಅರ್ಥ.

ಕಡ್ಲೆಪುರಿ:
ಕೋಳಿ ಕುಕ್ಕರಿಂದ ಚಾವಣಿಗೆ ಹಾರೋದು ಮಾತ್ರ ಬರೀ ಸುಳ್ಳು.

ಧಾರವಾಡ_ಫೇಡಾ:
ಕೋಳಿ ಹಾರೂದು ಸುಳ್ಳು ಇರಬಹುದು, ಸಿಡಿಯೂದು ಸುಳ್ಳಲ್ರೀ. ಕುಕ್ಕರ್ ಮೂರರಾಗ ಎರಡು ಪಾಲಕ್ಕಿಂತ ಹೆಚ್ಚು ತುಂಬಬಾರದು, ಉಬ್ಬೂ ಅಕ್ಕಿ ಬ್ಯಾಳಿ ಆದ್ರ ಅರ್ಧ. ಎರಡು ಇಡೀ ಕೋಳಿ ತುರುಕಿದ್ರ ತೊಗಲೋ ಮೂಳಿಯೋ ಉಗಿ ತೂತಿಗೆ ಅಡ್ಡ ಬರ್ತೈತಿ. ಒಳಗ 120 ಡಿಗ್ರಿ ಇರ್ತೈತಿ. ಒತ್ತಡ ಇಳಿಯೂಕಿಂತ ಮದಲ ಮುಚ್ಚಳ ತಗದ್ರ ಒಳಗಿನ ನೀರು ಒಮ್ಮಿಗೇ ಕುದ್ದು ಉಗಿ ಆಗಿ ಎಲ್ಲಾ ಹೊರಗ ಚೆಲ್ತೈತಿ. 1952ರ ಕುಕ್ಕರಿಗೆ ಈಗಿನಂಗ ಲಾಕ್ ಎಲ್ಲಿಂದ ಬರಬೇಕು?

ತೇಜಸ್ವಿ_ಕಾಡು:
ಚರ್ಚೆ ಅಡುಗೆಮನೆಗೆ ಹೋಯ್ತು. ಬೆಲ್ಟ್ ಬಗ್ಗೆ ಒಂದೇ ಮಾತು: ಅಲ್ಲಿ ಕತ್ತರಿ ಬಳಕೆ ಬಹಳ ಕಡಿಮೆ. ಲೂಸಿ, ಎಥೆಲ್ ಇಬ್ಬರೂ ಒಂದೇ ಚೌಕಟ್ಟಲ್ಲಿ, ಪಕ್ಕದಲ್ಲಿ ಬೆಲ್ಟ್. ಮೊದಲು ನಿಧಾನ, ಇಬ್ಬರೂ ಜಂಭದಲ್ಲಿ ಕಾಗದ ಸುತ್ತುತಾರೆ. ವೇಗ ಏರಿದ ಹಾಗೆ ಬಾಯಿಗೆ, ಟೋಪಿಗೆ, ಕುಪ್ಪಸದೊಳಗೆ. ಮೇಲ್ವಿಚಾರಕಿ ಬಂದು ನೋಡಿದ್ರೆ ಬೆಲ್ಟ್ ಖಾಲಿ. 'ಚೆನ್ನಾಗಿ ಮಾಡ್ತಿದೀರಿ' ಅಂತ ಇನ್ನೂ ಜೋರು ಓಡಿಸ್ತಾಳೆ. ಬಚ್ಚಿಟ್ಟಿದ್ದಕ್ಕೆ ಸಿಕ್ಕ ಶಿಕ್ಷೆ ಹೊಗಳಿಕೆ! ತುಂಡು ತುಂಡಾಗಿ ತೋರಿಸಿದ್ರೆ ಇದು ಸತ್ತೇ ಹೋಗ್ತಿತ್ತು.

ಎಡಿಟ್_ಟೇಬಲ್:
ಒಪ್ಪಿದೆ. ಮೂರು ಕ್ಯಾಮೆರಾ ಇದ್ದೂ ಕತ್ತರಿಸದೆ ಬಿಟ್ಟದ್ದು ಜಾಣತನ.

ಹಳೇಪೆಟ್ಟಿಗೆ:
ಕೊನೇ ಅನುಮಾನ. ನನ್ನ ಪ್ರತಿಯಲ್ಲಿ ಕಂತು 24 ನಿಮಿಷ ಚಿಲ್ಲರೆ ಇದೆ, ಧ್ವನಿಯೂ ಸ್ವಲ್ಪ ಕೀರಲು. ಕತ್ತರಿಸಿದ್ದಾ?

ಎಡಿಟ್_ಟೇಬಲ್:
ಪಾಲ್ ಪದ್ಧತಿಯ (ಭಾರತ, ಯುರೋಪಿನ ಹಳೇ ಟಿವಿ ಪದ್ಧತಿ) ಡಿಸ್ಕ್ ಇರಬೇಕು. ಸೆಕೆಂಡಿಗೆ 24 ಚೌಕಟ್ಟಿನ ಫಿಲ್ಮನ್ನು 25ಕ್ಕೆ ಓಡಿಸಿದ್ರೆ 4 ಪರ್ಸೆಂಟ್ ಬೇಗ ಮುಗಿಯುತ್ತೆ, ಸ್ವರವೂ ಮುಕ್ಕಾಲು ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ) ಹತ್ತಿರ ಏರುತ್ತೆ. 25 ನಿಮಿಷ 40 ಸೆಕೆಂಡಿನ ಕಂತು 24:38 ಆಗುತ್ತೆ. ಅಷ್ಟೇ ವ್ಯತ್ಯಾಸ ಇದ್ರೆ ಏನೂ ಕತ್ತರಿಸಿಲ್ಲ, ಪ್ಲೇಯರಲ್ಲಿ ವೇಗ 0.96 ಮಾಡಿ, 'ಸ್ವರ ಉಳಿಸು' ಅನ್ನೋದನ್ನು ಆಫ್ ಮಾಡಿ, ಸ್ವರ ಮೂಲಕ್ಕೆ ಇಳಿಯುತ್ತೆ. 22ರ ಆಸುಪಾಸು ಇದ್ರೆ ಮಾತ್ರ ಜಾಹೀರಾತಿಗೆ ಜಾಗ ಮಾಡೋಕೆ ಕತ್ತರಿಸಿದ ಪ್ರತಿ.

ಮಂಗ್ಳೂರ್_ಮಳೆ:
ರಿಕಿ ಹಾಡು ಇರೋ ಕಂತಲ್ಲಿ ಪರೀಕ್ಷೆ ಮಾಡಿ, ಕಾಂಗಾ ಡ್ರಮ್ಮಿನ ಸದ್ದಲ್ಲಿ ಬೇಗ ಗೊತ್ತಾಗುತ್ತೆ.

ಹಳೇಪೆಟ್ಟಿಗೆ:
24:35 ತೋರಿಸ್ತಿದೆ. 'ಸೇಲ್ಸ್ ರೆಸಿಸ್ಟೆನ್ಸ್' ಮಾತ್ರ 22:50.

ರೀಲ್‌ರಂಗ:
ಕಡಿಮೆ ಬಿದ್ದಿರೋ ಆ ಹೊತ್ತಲ್ಲಿ ಮೂವರು ಕೂತು ಮಾತಾಡೋ ದೃಶ್ಯ ಇರಬೇಕು. ಡಿಸ್ಕಿನ ಹೆಚ್ಚುವರಿ ವಿಭಾಗದಲ್ಲಿ ಬೇರೆಯಾಗಿ ಹಾಕಿರ್ತಾರೆ, ಮೆನು ಪೂರ್ತಿ ನೋಡಿ.